ರಾಗಿ ಹಾಕಿದ ಬ್ರೆಡ್ ಮಷೀನು

ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ನನಗೆ ಈಗಲೂ ಒಂದು ಸದ್ದು ಕೇಳುತ್ತದೆ. ಟಪ್, ಟಪ್, ಟಪ್. ಪಾತ್ರೆಯೊಳಗೆ ಕಲಸಿದ ಮೈದಾ ಉಂಡೆ ಅದರ ಒಳಮೈಗೆ ಬಡಿದುಕೊಂಡು ತಿರುಗುವ ಸದ್ದು. ಹಿಟ್ಟು ಹಾಕಿದರೆ ತಾನೇ ಕಲಸಿ ಬೇಯಿಸುವ ಬ್ರೆಡ್ ಮಷೀನು ನಮ್ಮ ಮನೆಯಲ್ಲಿ ಇಲ್ಲ, ಯಾವತ್ತೂ ಇರಲಿಲ್ಲ. ನನ್ನ ರಿಪೇರಿ ಅಂಗಡಿಯ ಬಾಗಿಲು ಹಾಕಿಯೂ ಬಹಳ ದಿನವಾಯಿತು. ಆದರೂ ಕೇಳುತ್ತದೆ. ನಿದ್ದೆಯೋ ಎಚ್ಚರವೋ ತಿಳಿಯದ ಆ ಹೊತ್ತಿನಲ್ಲಿ ಸದ್ದಿನ ಹಿಂದೆಯೇ ಈಸ್ಟಿನ ಹುಳಿವಾಸನೆ ಬರುತ್ತದೆ, ಅದರ ಹಿಂದೆ ಬಿಸಿಯಾದ ರಬ್ಬರ್ ಬೆಲ್ಟಿನದು, ಕೊನೆಗೆ ಎಲ್ಲಿಂದಲೋ ಬೇಯುತ್ತಿರುವ ರಾಗಿಯದು. ಆಗ ದೇವೀರಮ್ಮ ನೆನಪಾಗುತ್ತಾಳೆ.

ನನ್ನ ಹೆಸರು ರತ್ನಮ್ಮ. ಮದ್ದೂರಿನಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿಕ್ಸಿ ರತ್ನಕ್ಕ ಅನ್ನಬೇಕು. ಮಂಡ್ಯದಲ್ಲಿ ಕೆಲಸ ಕಲಿತು, ಮಳವಳ್ಳಿಯಲ್ಲಿ ಒಂದಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಆಮೇಲೆ ಮದ್ದೂರಿನಲ್ಲಿ ಸ್ವಂತ ಅಂಗಡಿ ಇಟ್ಟೆ. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಫ್ಯಾನು, ಕೊನೆಕೊನೆಗೆ ಈ ಬ್ರೆಡ್ ಮಷೀನು. ಈಗ ಈ ಕೆಲಸಕ್ಕೆ ಇಳಿದಿರುವ ಒಂದಿಬ್ಬರು ಹೆಣ್ಣುಮಕ್ಕಳು ಫೋನು ಮಾಡಿ, “ಬ್ರೆಡ್ ಮಷೀನು ಬಂದರೆ ಎಲ್ಲಿಂದ ಶುರು ಮಾಡಬೇಕು ಅಕ್ಕ?” ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಉಸ್ತಾದರ ವಿಷಯ. ಮಂಡ್ಯದ ಅವರ ವೈಂಡಿಂಗ್ ಅಂಗಡಿಗೆ ನಾನು ಸೇರಿದ್ದು ತಾಮ್ರದ ತಂತಿ ಸುತ್ತಲು. ಹೆಂಗಸರ ಬೆರಳಿಗೆ ಸಣ್ಣ ತಂತಿ ಹರಿಯುವುದಿಲ್ಲ ಎಂದು ಅವರ ನಂಬಿಕೆ. ನಾನು ಮೊದಲ ವಾರದಲ್ಲೇ ಎಷ್ಟು ಹರಿದೆನೆಂದರೆ ಆ ನಂಬಿಕೆಯೇ ಹರಿದುಹೋಗಬೇಕಿತ್ತು, ಪುಣ್ಯಕ್ಕೆ ಉಳಿಯಿತು. ಅವರು ಯಾವ ಮೋಟಾರನ್ನೂ ಸೀದಾ ಬಿಚ್ಚುತ್ತಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ನೋಡುವವರಿಗೆ ನಿದ್ದೆ ಹೋದಂತೆ ಕಾಣುತ್ತಿತ್ತು. ನಾನು ಒಂದು ಸಲ ಅವಸರಪಟ್ಟು ಒಂದು ಮಿಕ್ಸಿಯನ್ನು ಪೂರಾ ಬಿಚ್ಚಿ ಹರಡಿಕೊಂಡು, ತಪ್ಪೇನೆಂದು ಗೊತ್ತಾಗದೆ ಪಿಳಿಪಿಳಿ ನೋಡುತ್ತಿದ್ದೆ.

“ತಂದೋರ್ನ ಕೇಳಿದ್ಯಾ ಬೇಟಾ?” ಎಂದರು.

“ಇಲ್ಲ ಉಸ್ತಾದ್.”

“ಕೇಳು. ಏನ್ ಹಾಕಿದ್ರು, ಯಾವಾಗ ನಿಲ್ತು, ಅವ್ರಿಗೆ ಯಾಕೆ ಬೇಕು, ಎಲ್ಲಾ ಕೇಳು. ಸ್ಕ್ರೂ ಎಲ್ಲಿಗೂ ಓಡೋಗಲ್ಲ.”

ಕೇಳಿದರೆ ಆ ಮನೆಯವರು ಕೊಬ್ಬರಿಯನ್ನು ಇಡಿಯಾಗಿ ಹಾಕಿ ತಿರುಗಿಸಿದ್ದರು. ಈ ಪಾಠವನ್ನು ನಾನು ಎಲ್ಲರಿಗೂ ಹೇಳಿಕೊಟ್ಟೆ. ನಾನೇ ಮರೆತ ಒಂದು ದಿನವೂ ಬಂತು, ಅದು ಮುಂದೆ ಬರುತ್ತದೆ.

ಮಳವಳ್ಳಿಯ ಯಜಮಾನರದು ಇನ್ನೊಂದೇ ಪಂಥ. ಅವರಿಗೆ ರಿಪೇರಿ ಅಂದರೆ ಬದಲಾಯಿಸುವುದು. ಏನು ತೋರಿಸಿದರೂ “ಬದ್ಲಾಯಿಸಿ ಬಿಸಾಕು” ಎನ್ನುತ್ತಿದ್ದರು. ಆಗ ನನಗೆ ಕೋಪ ಬರುತ್ತಿತ್ತು. ಆಮೇಲೆ ಕಾಲವೇ ಅವರ ಕಡೆ ವಾಲಿತು. ಈಗ ಮೋಟಾರು ಸುಟ್ಟರೆ ಯಾರೂ ತಂತಿ ಸುತ್ತುವುದಿಲ್ಲ, ಬೋರ್ಡು ಹೋದರೆ ಬೋರ್ಡೇ ಹೊಸದು. ನನ್ನ ಬೆರಳು ಕಲಿತದ್ದಕ್ಕೆ ಈಗ ಕೆಲಸವಿಲ್ಲ. ಕಿವಿ ಕಲಿತದ್ದಕ್ಕೆ ಮಾತ್ರ ಕೊನೆಯವರೆಗೂ ಇತ್ತು.

ಮೊದಲನೆಯ ಬ್ರೆಡ್ ಮಷೀನನ್ನು ನನ್ನ ಅಂಗಡಿಗೆ ತಂದವರು ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬರು ಮೇಡಂ. ಬ್ರೆಡ್ಡು ಉಬ್ಬುತ್ತಿಲ್ಲ, ಇಟ್ಟಿಗೆಯಂತೆ ಬರುತ್ತಿದೆ ಎಂದರು. ನಾನು ಅಂಥ ವಸ್ತುವನ್ನು ಕಂಡದ್ದೇ ಅವತ್ತು. ಹಾಗೆಂದು ಹೇಳಲು ಬಾಯಿ ಬರಲಿಲ್ಲ. “ಬಿಟ್ಟು ಹೋಗಿ ಮೇಡಂ” ಎಂದೆ. ಪೇಟೆಯಿಂದ ಮೈದಾ, ಈಸ್ಟು ತರಿಸಿ ಹಾಕಿ ಬಟನ್ ಒತ್ತಿದೆ. ತಳದಲ್ಲಿದ್ದ ಸಣ್ಣ ರೆಕ್ಕೆ ತಿರುಗಿತು, ಹಿಟ್ಟು ಕಲಸಿತು, ಟಪ್ ಟಪ್ ಎಂದಿತು, ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಸಿಕ್ಕಿದ ಕಳ್ಳ ಎಂದುಕೊಂಡೆ. ಬಿಚ್ಚಿ ಮೋಟಾರಿನ ಕೆಪಾಸಿಟರ್ ಬದಲಾಯಿಸಿದೆ. ಮತ್ತೆ ಹಾಕಿದೆ. ಮತ್ತೆ ತಿರುಗಿತು, ಮತ್ತೆ ನಿಂತಿತು. ಮತ್ತೊಂದು ಕೆಪಾಸಿಟರ್. ಮೂರನೆಯ ಸಲವೂ ನಿಂತಾಗ ನನಗೆ ಸಾಕುಸಾಕಾಗಿ, ಸ್ವಿಚ್ಚು ಆರಿಸುವುದನ್ನೂ ಮರೆತು, ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿದೆ. ಹೊರಗೆ ಬಸ್ಸುಗಳ ಸದ್ದು ದೂರವಾಗುತ್ತಾ ಹೋಯಿತು.

ಎಚ್ಚರವಾದದ್ದು ಟಪ್ ಟಪ್ ಸದ್ದಿಗೆ. ಯಾರೂ ಮುಟ್ಟದೆ ಮಷೀನು ತಾನೇ ಕಲಸುತ್ತಿತ್ತು! ನಾನು ಅಲುಗಾಡದೆ ಕೂತೆ. ಮತ್ತೆ ನಿಂತಿತು. ಈ ಸಲ ನಾನೂ ಸುಮ್ಮನಿದ್ದೆ. ಬಿಸಿಲು ಬಾಗಿಲಿನಿಂದ ಬೆಂಚಿಗೆ, ಬೆಂಚಿನಿಂದ ಗೋಡೆಗೆ ಹತ್ತಿತು. ಗಾಜಿನಲ್ಲಿ ಇಣುಕಿದರೆ ಹಿಟ್ಟು ಉಬ್ಬಿ ಉಬ್ಬಿ ಮೇಲೇರುತ್ತಿತ್ತು. ಆಮೇಲೆ ಒಳಗಿನ ಕಾಯಿಲ್ ಬಿಸಿಯಾಯಿತು, ವಾಸನೆ ಬಂತು. ಪಕ್ಕದ ಟೈಲರ್ ಅಂಗಡಿಯವನು ಕತ್ತರಿ ಹಿಡಿದುಕೊಂಡೇ ಬಂದು, “ಏನಕ್ಕ, ಬೇಕರಿ ಇಟ್ಬುಟ್ಯಾ?” ಎಂದ. ಆ ಮಷೀನಿಗೆ ಏನೂ ಆಗಿರಲಿಲ್ಲ. ಹಿಟ್ಟು ನೆನೆಯಲೆಂದು ಅದು ನಡುವೆ ಸುಮ್ಮನಿರುತ್ತದೆ, ಅಷ್ಟೇ. ಮೇಡಂ ಮನೆಯ ಈಸ್ಟು ಒಲೆ ಪಕ್ಕದ ಶಾಖಕ್ಕೆ ಸತ್ತಿತ್ತು. “ಎಲ್ಲ ಮಷೀನಿನ ಜೊತೆ ಬಂದ ಪುಸ್ತಕದಲ್ಲಿತ್ತಲ್ಲ ರತ್ನಮ್ಮ, ಡಬ್ಬದಲ್ಲೇ ಇಟ್ಟಿದ್ದೆ” ಎಂದು ಅವರು ನಕ್ಕರು. ನಾನೂ ನಕ್ಕೆ, ಕೆಪಾಸಿಟರ್ ವಿಷಯ ಹೇಳಲಿಲ್ಲ.

ಆದ್ದರಿಂದ ಹೊಸಬರಿಗೆ ಮೊದಲ ಮಾತು: ಸುಮ್ಮನೆ ಕೂತ ಬ್ರೆಡ್ ಮಷೀನನ್ನು ಬಿಚ್ಚಬೇಡಿ. ಒಂದು ಪೂರ್ತಿ ಬ್ರೆಡ್ಡು ಆಗುವವರೆಗೆ ಅದರ ಪಕ್ಕ ಕೂತಿರಿ. ಮೂರು ಗಂಟೆ ಹಿಡಿಯುತ್ತದೆ. ನಿದ್ದೆ ಬಂದರೆ ಬರಲಿ, ಸದ್ದು ಬದಲಾದರೆ ಕಿವಿ ತಾನೇ ಎಬ್ಬಿಸುತ್ತದೆ. ಬೆಲ್ಟು ಸಡಿಲವಾಗಿದ್ದರೆ ಟಪ್ ಟಪ್ ನಡುವೆ ಕುಯ್ ಎಂದು ಒಂದು ಎಳೆತ ಇರುತ್ತದೆ. ಪಾತ್ರೆಯ ತಳದಲ್ಲಿ ರೆಕ್ಕೆಯ ಕಡ್ಡಿ ತಿರುಗುವ ಬುಷ್ ಸವೆದಿದ್ದರೆ ಗರಗರ ಅನ್ನುತ್ತದೆ. ಅಲ್ಲಿನ ರಬ್ಬರ್ ವಾಷರ್ ಹೋಗಿದ್ದರೆ ಸದ್ದಿಲ್ಲ, ನೀರು ಕೆಳಗೆ ಜಿನುಗಿ ಸುಟ್ಟ ಹಿಟ್ಟಿನ ವಾಸನೆ ಬರುತ್ತದೆ. ರೆಕ್ಕೆ ಕಚ್ಚಿಕೊಂಡು ಬಿಡದಿದ್ದರೆ ಸುತ್ತಿಗೆ ಮುಟ್ಟಬೇಡಿ, ಪಾತ್ರೆಗೆ ಬಿಸಿನೀರು ಹಾಕಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಪಾತ್ರೆಯನ್ನು ಮಾತ್ರ ನೀರಿನಲ್ಲಿ ಮುಳುಗಿಸಬಾರದು. ನಮ್ಮ ಕಡೆ ಹೆಂಗಸರಿಗೆ ಪಾತ್ರೆ ಕಂಡರೆ ತೆಂಗಿನ ನಾರು, ಬೂದಿ ಹಿಡಿದು ಉಜ್ಜುವ ಹುಮ್ಮಸ್ಸು. ಒಳಗಿನ ಕಪ್ಪು ಲೇಪ ಹೋಗಿ ಬೆಳ್ಳಗೆ ಫಳಫಳ ಅನ್ನುವಂತೆ ಮಾಡಿ, “ಈಗ ಬ್ರೆಡ್ಡು ಅಂಟ್ಕತದೆ ಕಣಕ್ಕ” ಎಂದು ತರುತ್ತಾರೆ. ಅಂಟದೆ ಇನ್ನೇನು ಮಾಡೀತು?

ನಿಡಘಟ್ಟದ ಒಂದು ಮನೆಯವರು ಆಲೆಮನೆಯಿಂದ ತಂದ ಬೆಲ್ಲದ ಪಾಕವನ್ನು ಧಾರಾಳವಾಗಿ ಸುರಿದು ಬ್ರೆಡ್ಡು ಮಾಡುತ್ತಿದ್ದರು. ಪಾಕ ಉಕ್ಕಿ ಕಾಯಿಲಿನ ಮೇಲೆ ಬಿದ್ದು ಹೊಗೆ. ಅದಕ್ಕಿಂತ ಹೆಚ್ಚಾಗಿ, ಬಟನ್ನುಗಳ ಹಿಂದೆ ಇರುವೆ ಗೂಡು. ಯಜಮಾನ ಮಷೀನನ್ನು ಬೆಂಚಿನ ಮೇಲಿಟ್ಟು ತುಂಬಾ ಗಂಭೀರವಾಗಿ, “ನೋಡಕ್ಕ, ಮೂರ್ನೇ ಬಟನ್ ಒತ್ತುದ್ರೆ ಇರುವೆ ಬತ್ತದೆ” ಎಂದ. ಒತ್ತಿದೆ. ಬಂತು. ಅವತ್ತಿಡೀ ನಾನು ಒಬ್ಬಳೇ ನಗುತ್ತಿದ್ದೆ.

ಇನ್ನು ದೇವೀರಮ್ಮನ ವಿಷಯ. ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಇದನ್ನು ಹೇಳದೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ.

ಮಧ್ಯಾಹ್ನದ ಹೊತ್ತು. ಅಂಗಡಿಯಲ್ಲಿ ಮೂರು ನಾಲ್ಕು ಜನ ಮಿಕ್ಸಿಗೆ ಕಾಯುತ್ತಿದ್ದರು. ವೈದ್ಯನಾಥಪುರದಿಂದ ಗಂಡ ಹೆಂಡತಿ ಆಟೋದಲ್ಲಿ ಬಂದರು. ಗಂಡ ಬೋರಣ್ಣ ಟವೆಲ್ಲು ಸುತ್ತಿದ ಬ್ರೆಡ್ ಮಷೀನನ್ನು ಬೆಂಚಿನ ಮೇಲಿಟ್ಟರು. ದೇವೀರಮ್ಮ ಸೆರಗು ಹೊದ್ದು ಪಕ್ಕದಲ್ಲಿ ನಿಂತಳು, ನನ್ನ ವಯಸ್ಸಿನವಳೇ. ಮುಚ್ಚಳ ತೆರೆದರೆ ಒಳಗೆ ಕರ್ರಗೆ ಬೆಂದು ಕಲ್ಲಾದ ರಾಗಿ. ರೆಕ್ಕೆ ಅದರೊಳಗೆ ಹೂತುಹೋಗಿತ್ತು. ಬೆಲ್ಟು ತುಂಡಾಗಿತ್ತು, ತಳದ ವಾಷರ್ ಕಿತ್ತು ಬಂದಿತ್ತು. ಉಸ್ತಾದರ ಮಾತು ನೆನಪಾಗಬೇಕಿತ್ತು. ಆಗಲಿಲ್ಲ. ಜನ ಇದ್ದರಲ್ಲ, ನನಗೆ ನಾಲಿಗೆ ತುರಿಸಿತು.

“ಬ್ರೆಡ್ ಮಷೀನ್ಗೆ ಯಾರಾದ್ರೂ ರಾಗಿ ಹಾಕ್ತಾರೇನಮ್ಮ? ನಾಳೆ ಇದ್ರಲ್ಲೇ ಬಸ್ಸಾರೂ ಮಾಡ್ಬುಡು, ಬಾಡೂ ಬೇಯಿಸ್ಬುಡು!”

ಎಲ್ಲರೂ ಘೊಳ್ಳೆಂದು ನಕ್ಕರು. ದೇವೀರಮ್ಮ ನಗಲಿಲ್ಲ, ಕೋಪ ಮಾಡಿಕೊಳ್ಳಲೂ ಇಲ್ಲ. “ತಪ್ಪಾಯ್ತು ಕಣವ್ವ” ಎಂದಳು. ಬೆಂಚಿನ ಮೇಲಿದ್ದ ಟವೆಲ್ಲನ್ನು ಎಡಗೈಯಿಂದ ಮಡಿಸಲು ಹೋದಳು. ಅದು ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡು ಆಟೋ ಕಡೆ ನಡೆದಳು. ಬೋರಣ್ಣ ಹಿಂದೆ ಉಳಿದು, ನನ್ನ ಹತ್ತಿರ ಬಂದು, ಮೆಲ್ಲಗೆ ಹೇಳಿದರು.

“ಬೈಬ್ಯಾಡ ಕಣವ್ವ ಅವ್ಳ. ಯುಗಾದಿ ಆದ್ಮೇಲೆ ಲಕ್ವ ಒಡೀತು. ಕಾಲು ಸರಿ ಓಯ್ತು, ಬಲಗೈ ಬರ್ನಿಲ್ಲ. ಅವತ್ತಿಂದ ನಾನೇ ರಾಗಿ ಇಟ್ಟು ತೊಳಸ್ತಾ ಇವ್ನಿ. ಮುದ್ದೆ ತುಂಬ ಬರೀ ಗಂಟು. ಬಾಯ್ ಬುಡ್ದೆ ಉಣ್ತಾಳೆ. ನೋಡಕ್ ಬಂದೋರೆಲ್ಲ ಬ್ರೆಡ್ ಪೊಟ್ಣ ತತ್ತಾರೆ. ಜ್ವರ ಬಂದೋರು ತಿನ್ನೋದಲ್ವಾ ಅದು? ಅವ್ಳ ತಮ್ಮನ್ ಮಗ್ಳು ಮಂಡ್ಯದಲ್ಲಿ ನರ್ಸು. ಒಂದೇ ಕೈಲಿ ಮಾಡ್ಕೋಬೋದು ಅತ್ತೆ ಅಂತ ಈ ಮಷೀನ್ ತಂದ್ಕೊಟ್ಳು. ಇವ್ಳು ರಾಗಿ ಹಾಕುದ್ಳು. ‘ಇನ್ನೆಷ್ಟ್ ದಿನ ಕಾಯ್ಲೆಯೋಳಂಗೆ ಬ್ರೆಡ್ ತಿಂದ್ಕೊಂಡ್ ಕುಂತಿರ್ಲಿ’ ಅಂತಾಳೆ.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಸ್ಪತ್ರೆಗೆ ಹೋಗುವವರ ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ ಇರುವುದನ್ನು ನಾನೂ ನೋಡಿದ್ದೆ, ನಾನೂ ಒಯ್ದಿದ್ದೆ. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎಂದು ಹೇಳಿಕೊಂಡು ಬೆಳೆದವರಲ್ಲವೇ ನಾವು? ಮುದ್ದೆ ತೊಳಸುವ ಕೈ ನಿಂತುಹೋಗಿ, ಕಂಡವರೆಲ್ಲ ಮಡಿಲಿಗೆ ಬ್ರೆಡ್ಡು ಹಾಕಿ ಹೋದರೆ ಅವಳಿಗೆ ಹೇಗಾಗಿರಬೇಕು ಎಂದು ಯೋಚಿಸುತ್ತಾ ಅವತ್ತು ಊಟ ಸೇರಲಿಲ್ಲ.

ಪಾತ್ರೆಗೆ ಬಿಸಿನೀರು ಹಾಕಿಟ್ಟೆ. ಎರಡು ದಿನ, ಆರಿದಂತೆಲ್ಲ, ತಳದಿಂದ ಜಿನುಗಿ ಇಳಿದಂತೆಲ್ಲ ಹೊಸ ಬಿಸಿನೀರು. ಕೊನೆಗೆ ರಾಗಿ ಮೆತ್ತಗಾಗಿ ರೆಕ್ಕೆ ಬಿಟ್ಟುಕೊಟ್ಟಿತು. ಬೆಂಗಳೂರಿನಿಂದ ವಾಷರ್, ಬೆಲ್ಟು ತರಿಸಿ ಹಾಕಿದೆ. ಅವರಿಗೆ ಹೇಳಿಕಳಿಸದೆ ನಾನೇ ಮಷೀನು ಹೊತ್ತುಕೊಂಡು ವೈದ್ಯನಾಥಪುರಕ್ಕೆ ಹೋದೆ. ದೇವಸ್ಥಾನದ ಕಡೆಯಿಂದ ಗಂಟೆಯ ಸದ್ದು ಬರುತ್ತಿತ್ತು. ದೇವೀರಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಅವತ್ತು ನಾನು ಅನ್ಬಾರದ ಮಾತು ಅಂದೆ ದೇವೀರಕ್ಕ” ಎಂದೆ.

“ಬಾಡು ಬೇಯಿಸು ಅಂದ್ಯಲ್ಲ, ಅದನ್ನೂ ಹಾಕಿ ನೋಡನ ಅಂತಿದ್ದೆ” ಎಂದಳು. ಮುಖದಲ್ಲಿ ನಗು ಒಂದು ಕಡೆಗೆ ಮಾತ್ರ ಎದ್ದಿತು. “ಒಳೀಕೆ ಬಾ.”

ಹೇಗಾದರೂ ಮಾಡಿ ಆ ಮಷೀನಿನಲ್ಲೇ ಮುದ್ದೆ ಮಾಡಿಸಬೇಕೆಂದು ನನಗೆ ಹಟ ಬಂದಿತ್ತು. ಬೋರಣ್ಣ ಎಸರಿಟ್ಟರು. ಒಲೆಯ ಮೇಲೆ ರಾಗಿ ಬೇಯಿಸಿ, ಬಿಸಿಬಿಸಿಯಾಗಿ ಮಷೀನಿನ ಪಾತ್ರೆಗೆ ಸುರಿದು, ಬರೀ ಕಲಸುವ ಬಟನ್ ಒತ್ತಿದೆವು. ರೆಕ್ಕೆ ನಡುವೆ ಒಂದು ಗುಂಡಿ ತೋಡಿಕೊಂಡು ಅದರೊಳಗೇ ತಿರುಗಿತು. ಮೈದಾ ರೆಕ್ಕೆಯ ಹಿಂದೆ ಹೋಗುತ್ತದೆ, ರಾಗಿ ಕೂತಲ್ಲೇ ಕೂರುತ್ತದೆ. ಮೂರು ದಿನ ಬಿಟ್ಟು ಇನ್ನೊಂದು ಸಲ ಹೋದೆ, ನೀರು ಹೆಚ್ಚು ಮಾಡಿದೆವು. ಅಂಬಲಿಯಾಯಿತು. ಮೂರನೆಯ ಸಲ ಬಿಗಿ ಬೆಲ್ಟು ಹಾಕಿಕೊಂಡು ಹೋದೆ. ರಬ್ಬರ್ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

“ಬುಡವ್ವ” ಎಂದಳು ದೇವೀರಮ್ಮ. “ಇದಕ್ಕೂ ಲಕ್ವ ಒಡುದ್ರೆ ಯಾರ್ ನೋಡ್ತಾರೆ?”

ನಕ್ಕಳು. ಆದರೆ ಎದ್ದು ಹಿತ್ತಿಲ ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ಕೂತಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಹೊಳೆ ಕಡೆಯಿಂದ ಗಾಳಿ ಬರುತ್ತಿತ್ತು. ಬೋರಣ್ಣ ಮಧ್ಯಾಹ್ನದ ಊಟಕ್ಕೆ ತಾವೇ ಮುದ್ದೆ ತೊಳಸಲು ಕೂತರು. ನಾನು ಗೋಡೆಗೆ ಒರಗಿದೆ. ಬಿಸಿಲಿಗೆ, ಬೇಸರಕ್ಕೆ, ರಾಗಿಯ ಹಬೆಗೆ ಕಣ್ಣು ಕೂರುತ್ತಿತ್ತು. ಕೈ ಮಾತ್ರ ಸುಮ್ಮನಿರಲಾರದೆ ಬ್ರೆಡ್ ಮಷೀನಿನ ಪಾತ್ರೆಯನ್ನು ತೆಗೆಯುವುದು, ಹಾಕುವುದು ಮಾಡುತ್ತಿತ್ತು. ಆ ಪಾತ್ರೆಯನ್ನು ಒಳಗಿಟ್ಟು ಸ್ವಲ್ಪ ತಿರುಗಿಸಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ತೆಗೆದರೆ ಟಕ್. ಹಾಕಿದರೆ ಟಕ್.

ಎದುರಿಗೆ ಬೋರಣ್ಣ ಒಂದು ಕೈಯಲ್ಲಿ ಕವಲು ತುದಿಯ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮುದ್ದೆಕೋಲು ತಿರುಗಿಸುತ್ತಿದ್ದರು. ಕವೆ ಜಾರಿತು, ಪಾತ್ರೆ ಗಿರ್ರನೆ ತಿರುಗಿತು. “ಥೂ ಇದರ” ಎಂದು ಮತ್ತೆ ಒತ್ತಿ ಹಿಡಿದರು. ಟಕ್ ಎಂದಿತು ನನ್ನ ಕೈಯಲ್ಲಿದ್ದ ಪಾತ್ರೆ. ನಾನು ಪೂರ್ತಿ ಎಚ್ಚರಾದೆ. ಒಂದು ಕೈ ಬೇಕಾಗಿರುವುದು ಕೋಲಿಗೆ. ಇನ್ನೊಂದು ಕೈ ಬೇಕಾಗಿರುವುದು ಪಾತ್ರೆ ಓಡದಿರಲಿ ಎಂದು, ಅಷ್ಟೇ!

“ದೇವೀರಕ್ಕ, ಇಲ್ಲಿ ಬಾ. ಎಡಗೈಲಿ ಕೋಲು ಹಿಡ್ಕೊ. ಪಾತ್ರೆ ನಾನು ಹಿಡೀತೀನಿ.”

ಅವಳು ಒಲ್ಲೆ ಎನ್ನುತ್ತಲೇ ಬಂದು ಕೂತಳು. ಕೋಲು ಹಿಡಿದಳು. ಮೊದಲ ಎರಡು ಸುತ್ತು ಅಂಜಿಕೆಯಿಂದ, ಮೂರನೆಯದಕ್ಕೆ ಮೈಯೇ ಬಗ್ಗಿತು. ಎಂಥ ಬಲ ಆ ಎಡಗೈಯಲ್ಲಿ! ನಾನು ಕವೆಯನ್ನು ಒತ್ತಿ ಹಿಡಿಯಲು ಒದ್ದಾಡಿದೆ.

ಆಮೇಲೆ ನಾನು ಮಾಡಿದ್ದು ದೊಡ್ಡ ವಿದ್ಯೆಯೇನಲ್ಲ. ಬಡಗಿಯ ಹತ್ತಿರ ಒಂದು ಹಲಗೆ ಕೊಯ್ಯಿಸಿ, ತುದಿಯಲ್ಲಿ ಕಬ್ಬಿಣದ ಬಳೆ ಕೂರಿಸಿದೆ. ಮುದ್ದೆಪಾತ್ರೆಯ ಎರಡು ಕಿವಿ ಸಿಕ್ಕಿಕೊಳ್ಳಲು ಬ್ರೆಡ್ ಮಷೀನಿನಲ್ಲಿ ಇದ್ದ ಹಾಗೆಯೇ ಎರಡು ಪಟ್ಟಿ ಬಗ್ಗಿಸಿ ಹಾಕಿದೆ. ಪಾತ್ರೆ ಇಟ್ಟು ಸ್ವಲ್ಪ ತಿರುಗಿಸಿದರೆ ಟಕ್. ಮೊದಲ ದಿನ ಪಾತ್ರೆ ಗಟ್ಟಿಯಾಗಿ ಕೂತಿತು, ಹಲಗೆಯೇ ಎದ್ದು ಮುದ್ದೆಯೆಲ್ಲ ನೆಲದ ಪಾಲಾಯಿತು. ಮೂರೂ ಜನ ಕಾಲೆತ್ತಿಕೊಂಡು ಓಡಿದೆವು. ಆಗ ದೇವೀರಮ್ಮನೇ, “ತುರಿಯೋ ಮಣೆ ಮ್ಯಾಲೆ ಕೂರಕಿಲ್ವಾ? ಅಂಗೇ ಇದ್ರ ಮ್ಯಾಲೂ ಕೂತ್ರಾಯ್ತು” ಎಂದಳು. ಹಲಗೆಯನ್ನು ಉದ್ದ ಮಾಡಿಸಿದೆ. ಅವಳು ಒಂದು ತುದಿಯಲ್ಲಿ ಕೂತಳು, ಬೋರಣ್ಣ ಪಾತ್ರೆಯನ್ನು ಒಲೆಯಿಂದ ಇಳಿಸಿ ಬಳೆಗೆ ಸಿಕ್ಕಿಸಿದರು.

“ಸಾಕು, ದೂರ ನಿಂತ್ಕೊ” ಎಂದು ಗಂಡನಿಗೆ ಹೇಳಿದಳು.

ತೊಳಸಿದಳು. ಹಬೆಯೊಳಗೆ ಅವಳ ಮುಖ ಕಾಣುತ್ತಿರಲಿಲ್ಲ, ಎಡಗೈಯ ಗಾಜಿನ ಬಳೆಗಳ ಸದ್ದು ಮಾತ್ರ ಕೇಳುತ್ತಿತ್ತು. ನೀರು ಮುಟ್ಟಿಕೊಂಡು ಒಂದೇ ಕೈಯಲ್ಲಿ ಹೊರಳಿಸಿ ಹೊರಳಿಸಿ ನಾಲ್ಕು ಮುದ್ದೆ ಕಟ್ಟಿದಳು. ಒಂದೂ ಗುಂಡಗಿರಲಿಲ್ಲ. ಸಾರಿನಲ್ಲಿ ಅದ್ದಿ ನಾನು ನುಂಗುವುದನ್ನೇ ನೋಡುತ್ತಾ ಕೂತಳು.

“ಗಂಟದಾ?”

“ಒಂದೂ ಇಲ್ಲ ಕಣಕ್ಕ.”

“ನಂದ್ಕಿಂತ ಚೆಂದಾಗದೆ ಬುಡು” ಎಂದು ಬೋರಣ್ಣ ಅತ್ತ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ಒರೆಸಿಕೊಳ್ಳಲೂ ಇಲ್ಲ. ಅಳುತ್ತಲೇ ಉಂಡು, ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಬ್ರೆಡ್ ಮಷೀನಿಗೆ ಹೊಸ ಬೆಲ್ಟು ಹಾಕಿ, ಸದ್ದು ಕೇಳಿ ನೋಡಿ, ಅವರ ಅಟ್ಟದ ಮೇಲಿಟ್ಟು ಬಂದೆ. ಅದನ್ನು ಇನ್ನು ಯಾರೂ ಇಳಿಸುವುದಿಲ್ಲ ಎಂದುಕೊಂಡಿದ್ದೆ.

ಅಂಗಡಿ ಮುಚ್ಚಿದ ವರ್ಷವೇ ನನಗೆ ಜ್ವರ ಬಂದು ಹತ್ತು ದಿನ ಮಲಗಿದೆ. ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿ ಬಾಗಿಲ ಹತ್ತಿರ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಕಣ್ಣು ಬಿಟ್ಟರೆ ದೇವೀರಮ್ಮ. ಬೋರಣ್ಣ ಎಲ್ಲಿ ಎಂದು ಕೇಳಿದರೆ, “ಅವರ್ಯಾಕೆ? ಬಸ್ನಲ್ಲಿ ಒಬ್ಳೇ ಬಂದೆ” ಎಂದಳು. ಎಡಗಂಕುಳಲ್ಲಿ ಆ ಹಳೆಯ ಟವೆಲ್ಲಿನ ಗಂಟು. ನನ್ನ ಮಡಿಲಿನ ಮೇಲಿಟ್ಟು, ಎಡಗೈಯಿಂದಲೇ ಬಿಚ್ಚಿದಳು. ಇನ್ನೂ ಬಿಸಿ ಆರದ ಒಂದು ಇಡೀ ಬ್ರೆಡ್ಡು. ತಿರುಗಿಸಿ ನೋಡಿದೆ, ತಳದಲ್ಲಿ ರೆಕ್ಕೆ ಇದ್ದ ಜಾಗದ ತೂತು.

“ಅಟ್ಟದಿಂದ ಇಳಿಸ್ದೆ. ಎಲ್ಲೂ ಕುಯ್ ಅನ್ನಕಿಲ್ಲ, ಚೆಂದಾಗ್ ರಿಪೇರಿ ಮಾಡಿದ್ದೀಯ ಬುಡು” ಎಂದಳು. “ಜ್ವರ ಬಂದೋರು ಬ್ರೆಡ್ ತಿನ್ಬೇಕು ಕಣವ್ವ. ಹಾಲಲ್ಲಿ ಅದ್ಕೊಂಡು ತಿನ್ನು.”

ನಾನು ಒಂದು ತುಂಡು ಮುರಿದು, “ನೀನೂ ತಗೋ ಅಕ್ಕ” ಎಂದು ಚಾಚಿದೆ.

ದೇವೀರಮ್ಮ ನನ್ನ ಕೈಯನ್ನು ಹಿಂದಕ್ಕೆ ತಳ್ಳಿದಳು.

“ನಂಗ್ಯಾಕವ್ವ ಬ್ರೆಡ್ಡು? ನಾನೇನ್ ಕಾಯ್ಲೆಯೋಳಾ? ಇಟ್ಟು ಉಂಡೇ ಬಂದಿವ್ನಿ.”